ಕುರ್ಚಿ ಹೊತ್ತವನ ನಡಿಗೆ

ಗುಡ್ಡದ ಮೇಲಿನ ದೊರೆ ಬಂಗಲೆಯಲ್ಲಿ ಗೈಡ್ ಆಗಿದ್ದವನನ್ನು ಊರವರೆಲ್ಲ ಮೈಕಣ್ಣ ಎಂದೇ ಕರೆಯುತ್ತಿದ್ದರು. ಬಾಯಿ ತೆರೆದರೆ ಕಟ್ಟಕಡೆಯ ಸಾಲಿಗೂ ಕೇಳಿಸುವ ಗಂಟಲು. ದೊರೆ ಮುಖ ತೊಳೆದ ಬೋಗುಣಿಯೊಂದನ್ನೇ ಹಿಡಿದುಕೊಂಡು ಜನರನ್ನು ಅಲ್ಲಾಡದಂತೆ ನಿಲ್ಲಿಸಬಲ್ಲ ಮಾತಿನ ಮಲ್ಲ. ದೇಶ ಸ್ವತಂತ್ರವಾಗಿ ದೊರೆ ಗಂಟುಮೂಟೆ ಕಟ್ಟಿದ ಮೇಲೆ ಬಂಗಲೆ ಸರ್ಕಾರದ ಕೈಗೆ ಬಂತು. ಸರ್ಕಾರ ಅದಕ್ಕೆ ಸುಣ್ಣ ಬಳಿಸಿ, ಟಿಕೆಟ್ ಇಟ್ಟು, 'ನಮ್ಮ ಪರಂಪರೆ' ಎಂದು ಫಲಕ ಹಾಕಿಸಿತು. ಒಳಗೆ ದೊರೆಯ ಮಂಚ, ದೊರೆಯ ಬಂದೂಕು, ದೊರೆಯ ಟೋಪಿ. ಇದರಲ್ಲಿ ನಮ್ಮದು ಯಾವುದಪ್ಪಾ ಎಂದು ಯಾರೂ ಕೇಳಲಿಲ್ಲ.

ನಮ್ಮದು ಅಂತ ಇದ್ದದ್ದು ಮೈಕಣ್ಣ ಹೇಳುತ್ತಿದ್ದ ಕುರ್ಚಿಯ ಕಥೆ ಒಂದೇ. ಹಜಾರದಲ್ಲಿ ಎರಡು ಬಿದಿರಿನ ಗಳ ಕಟ್ಟಿದ ಕುರ್ಚಿಯೊಂದಿದೆ. ದೊರೆ ಅದರಲ್ಲಿ ಕೂತರೆ ಆಳುಗಳು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಬೇಕು. ಒಂದು ದಿನ ಮುಂದಿದ್ದ ಆಳು ಜಾರಿದ. ದೊರೆ ಟೋಪಿ ಸಮೇತ ಕೆಸರಿಗೆ ಬಿದ್ದ. ಇಷ್ಟು ಹೇಳಿ ಮೈಕಣ್ಣ ತಾನೇ ಆ ಆಳಾಗಿಬಿಡುತ್ತಿದ್ದ. ಕಾಲೆಳೆದು ಕುಂಟುತ್ತಾ, ಕಣ್ಣು ಕಣ್ಣು ಬಿಡುತ್ತಾ, "ತಪ್ಪಾಯ್ತು ಧಣಿ, ತಪ್ಪಾಯ್ತು" ಎಂದು ಕೈಮುಗಿದು ಹಜಾರದ ಉದ್ದಕ್ಕೂ ನಡೆಯುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಆಳು ಅವನ ತಾತ, ಅಮ್ಮನ ಅಪ್ಪ. ಅದೊಂದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಕಥೆಯನ್ನು ಇದ್ದದ್ದು ಇದ್ದ ಹಾಗೇ ಹೇಳಿ ನೋಡಿದ್ದ: ಜ್ವರದಲ್ಲಿ ಮಲಗಿದ್ದವನನ್ನು ಎಳೆದು ತಂದದ್ದು, ಬಿದ್ದ ಮೇಲೆ ಅವನು ತಿಂದ ಒದೆ. ಬಂದವರು ಮುಖ ಸಪ್ಪೆ ಮಾಡಿಕೊಂಡು ಮೊಬೈಲ್ ತೆಗೆದರು. "ರಜಕ್ಕೆ ಅಂತ ಬಂದೋರನ್ನ ಯಾಕಪ್ಪಾ ಅಳಿಸ್ತೀಯಾ?" ಎಂದ ಮ್ಯಾನೇಜರ್. ಮೈಕಣ್ಣ ಅರ್ಧ ಕಥೆ ನುಂಗಿಕೊಂಡ, ಉಳಿದರ್ಧಕ್ಕೆ ಉಪ್ಪು ಖಾರ ಹಚ್ಚಿದ. ಅಮ್ಮ ಬಂಗಲೆಯ ಮೆಟ್ಟಿಲು ಹತ್ತುವವಳಲ್ಲ ಎಂಬ ಧೈರ್ಯ ಬೇರೆ.

ಆ ವರ್ಷ ಸರ್ಕಾರ ಪರಂಪರೆ ಉತ್ಸವ ಮಾಡಿತು. ಬಾಗಿಲಿಗೆ ಬಾವುಟ, ಎಲ್ಲರಿಗೂ ಪುಕ್ಕಟೆ ಪ್ರವೇಶ, ಉದ್ಘಾಟನೆಗೆ ಮಂತ್ರಿಗಳು. ಮೈಕಣ್ಣ ಕಥೆ ಶುರುಮಾಡಿ, ದೊರೆಯನ್ನು ಕೆಸರಿಗೆ ಕೆಡವಿ ತಲೆ ಎತ್ತಿದರೆ, ಮಂತ್ರಿಗಳ ಹಿಂದಿನ ಸಾಲಿನಲ್ಲಿ ಅಮ್ಮ! ಪಕ್ಕದ ಮನೆಯಾಕೆ ಕರೆತಂದಿದ್ದಳು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಂತ್ರಿಗಳು ಆಗಲೇ ನಗುವುದಕ್ಕೆ ಬಾಯಿ ಬಿಟ್ಟುಕೊಂಡಿದ್ದರಲ್ಲ! ಅವನು ಕುಂಟಿದ, ಕೈಮುಗಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು. ಇಷ್ಟು ಜನ ನಗುವಾಗ ತಾನೊಬ್ಬಳು ಸುಮ್ಮನಿದ್ದರೆ ಮಗನ ಮರ್ಯಾದೆ ಹೋದೀತು ಅಂತ ನಕ್ಕಳು. ಅದು ಅವನಿಗೆ ಗೊತ್ತಾಯಿತು, ಮೈಯೆಲ್ಲ ಹಿಡಿಯಷ್ಟಾಯಿತು.

"ನಗುನಗುತ್ತಲೇ ದೊರೆಯನ್ನ ಕೆಡವಿದ ಜನ ನಾವು. ಇದೇ ನಮ್ಮ ನಾಡಿನ ಗುಣ!" ಎಂದು ಮಂತ್ರಿಗಳು ಅವನ ಬೆನ್ನು ತಟ್ಟಿದರು.

ಅಮ್ಮ ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಮೈಕಣ್ಣ ಹೋಗಿ ನಿಂತ.

"ಊಟ ಮಾಡಿದ್ಯೇನಪ್ಪಾ?"

"ಅಮ್ಮಾ, ಅದು... ಜನ ಹಂಗೇ ಕೇಳ್ತಾರೆ."

"ಕೇಳ್ಲಿ ಬಿಡು." ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಆದ್ರೆ ನಮ್ಮಪ್ಪ ಮೊದ್ಲಿಂದ ಕುಂಟ ಅಲ್ಲ ಕಣೋ. ಬಿದ್ದ ಮೇಲೆ ಬೂಟ್ಗಾಲಲ್ಲಿ ಮಂಡಿ ತುಳಿದ್ರಲ್ಲ, ಅಲ್ಲಿಂದ ಕುಂಟಿದ್ದು. ಅದಕ್ಕೆ ಮುಂಚೆ ಎಷ್ಟು ನೆಟ್ಟಗೆ ನಡೀತಿದ್ದ ಗೊತ್ತಾ!"

ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಇನ್ನು ಕುಂಟುವುದಿಲ್ಲ, ಕೆಲಸ ಹೋದರೂ ಸರಿ, ಎಂದು ಹಲ್ಲು ಕಚ್ಚಿಕೊಂಡು ಒಳಗೆ ಹೋದ. ಇನ್ನೊಂದು ಗುಂಪು ಕಾಯುತ್ತಿತ್ತು. ಕಥೆ ಹೇಳಿದ. ದೊರೆ ಬಿದ್ದ. ಮೈಕಣ್ಣ ನೆಟ್ಟಗೆ, ಎದೆ ಎತ್ತಿ ನಾಲ್ಕು ಹೆಜ್ಜೆ ನಡೆದ. ಯಾರೂ ನಗಲಿಲ್ಲ. ಬಾಗಿಲಲ್ಲಿದ್ದ ಮ್ಯಾನೇಜರ್ ಕಣ್ಣಲ್ಲೇ ಗದರಿದ. "ಅದೇನೋ ಕುಂಟ್ತಾರಂತೆ, ಅದು ಯಾವಾಗ?" ಎಂದು ಒಬ್ಬಾಕೆ ಗಂಡನನ್ನು ಕೇಳಿದಳು. ಮೈಕಣ್ಣನ ಕಾಲು ಬಾಗಿತು. "ತಪ್ಪಾಯ್ತು ಧಣಿ" ಎಂದ. ಹಜಾರವೇ ಹಾರಿಹೋಗುವ ಹಾಗೆ ನಗು.

ಸಂಜೆ ಬಸ್ಸಿನಲ್ಲಿ ತಾಯಿ ಮಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಪಕ್ಕದ ಮನೆಯಾಕೆ ಒಬ್ಬಳೇ ಮುಂಚೆ ಹೊರಟುಹೋಗಿದ್ದಳು.

"ನೀನೂ ಅವಳ ಜೊತೇಲೇ ಹೋಗ್ಬಹುದಿತ್ತಲ್ಲಮ್ಮಾ. ಅಷ್ಟು ಹೊತ್ತು ಯಾಕೆ ಕಾದೆ?" ಎಂದ ಮೈಕಣ್ಣ.

"ಎರಡನೇ ಸಲ ಆದ್ರೂ ನೆಟ್ಟಗೆ ನಡೀತೀಯೇನೋ ಅಂತ ಹಜಾರದ ಕಿಟಕಿ ಹತ್ರ ನಿಂತಿದ್ದೆ," ಎಂದಳು ಅಮ್ಮ. "ನಾಲ್ಕು ಹೆಜ್ಜೆ ನಡೆದೆ ನೋಡು, ಥೇಟ್ ನಮ್ಮಪ್ಪನೇ."