ಮೆಹಂದಿ ಬೆರಳಿನ ಕ್ಲಿಪ್ಪು

ಆಸ್ಪತ್ರೆಗಳಲ್ಲಿ ಈಗ ರೋಬೋಟುಗಳೇ ರೋಗಿಗಳನ್ನು ನೋಡಿಕೊಳ್ಳುತ್ತವಂತೆ ಎಂದು ಯಾರಾದರೂ ಹೇಳಿದರೆ ನನ್ನ ಬಲಗೈ ತೋರುಬೆರಳು ತಣ್ಣಗಾಗುತ್ತದೆ. ರೋಬೋಟಿನ ಮೇಲೆ ನನಗೇನೂ ಸಿಟ್ಟಿಲ್ಲ. ನನಗೆ ಹೆದರಿಕೆ ಇರುವುದು ಅದರ ಪಕ್ಕ ಕೂತವರ ಬಗ್ಗೆ, ಅಂದರೆ ನನ್ನಂಥವರ ಬಗ್ಗೆ.

ತೊಂಬತ್ತರ ದಶಕದ ಮಾತು. ಬ್ಯಾಡಗಿಯಲ್ಲಿ ಸೋದರಮಾವನ ಮಗಳ ಮದುವೆ. ಹಿಂದಿನ ದಿನ ಮೆಹಂದಿ. ಅಮ್ಮಿ ಬೇಡವೆಂದರೂ ಬಿಡದೆ ಅವಳ ಹತ್ತೂ ಬೆರಳ ತುದಿಗೆ, ಉಗುರು ಕಾಣದ ಹಾಗೆ, ಮೆಹಂದಿ ಮೆತ್ತಿದವಳು ನಾನೇ. ಕಾಲ್ಬೆರಳನ್ನೂ ಬಿಡಲಿಲ್ಲ. "ಮುದುಕಿಗೆ ಇಷ್ಟು ಶೋಕಿ ಯಾಕವಾ" ಎಂದು ಬೈಯುತ್ತಲೇ ಅವಳು ಕೈ ಚಾಚಿ ಕೂತಿದ್ದಳು. ಬೆಳಗಾಗುವಷ್ಟರಲ್ಲಿ ಬಣ್ಣ ಕಪ್ಪಗೆ ಕುಂತಿತ್ತು, ಅಮ್ಮಿ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ನಿಕಾಹ್ ಬಿಟ್ಟು ಬಾಡಿಗೆ ಕಾರಿನಲ್ಲಿ ರಾಣೆಬೆನ್ನೂರಿಗೆ ಓಡಿದೆವು. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತಂತೆ. ಅವತ್ತೇ ಆಪರೇಷನ್ ಆಯಿತು.

ಆ ಖಾಸಗಿ ಆಸ್ಪತ್ರೆಗೆ ಹೊಸ ಯಂತ್ರವೊಂದು ಬಂದಿತ್ತು. ರೇಡಿಯೋದಷ್ಟು ದೊಡ್ಡ ಡಬ್ಬಿ, ಮೇಲೆ ಕೆಂಪು ಅಂಕಿಗಳು, ವೈರಿನ ತುದಿಗೆ ಬೆರಳು ಕಚ್ಚುವ ಕ್ಲಿಪ್ಪು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಬೆರಳಿನಿಂದಲೇ ಹೇಳುತ್ತದಂತೆ, ಕಡಿಮೆಯಾದರೆ ಕೂಗುತ್ತದಂತೆ. "ಇದು ನಿದ್ದಿ ಮಾಡದ ನರ್ಸ್ ಐತಿ, ನೀವು ಆರಾಮ ಇರ್ರಿ" ಎಂದರು ಡಾಕ್ಟರು.

ಅಮ್ಮಿಯ ಬೆರಳಿಗೆ ಹಾಕಿದ್ದೇ ತಡ, ಡಬ್ಬಿ ಕಿರುಚಿಕೊಂಡಿತು. ನರ್ಸ್ ಓಡಿ ಬಂದು ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟಳು. ಡಾಕ್ಟರು ಬಂದವರು ಅಮ್ಮಿಯ ತುಟಿ ನೋಡಿದರು, ಎದೆ ನೋಡಿದರು, ಬೆರಳು ತಿರುಗಿಸಿ ನಕ್ಕುಬಿಟ್ಟರು. "ಮದುವಿ ಮನಿಯಿಂದ ಬಂದೀರೇನು? ಈ ಮೆಹಂದಿಯೊಳಗ ಯಂತ್ರಕ್ಕ ಕಣ್ಣು ಕಾಣವಲ್ದು." ಕಿವಿಗೆ ಹಾಕಿ ನೋಡಿದರು, ಜಾರಿತು. ಕೊನೆಗೆ ಉಗುರು ತಪ್ಪಿಸಿ ಕಿರುಬೆರಳಿಗೇ ಅಡ್ಡ ಸಿಕ್ಕಿಸಿ ಪಟ್ಟಿ ಹಚ್ಚಿದರು. ನರ್ಸ್ ನನಗೆ ಒಂದು ಗುಂಡಿ ತೋರಿಸಿದಳು. "ಕೂಗಿದ್ರ ಮೊದಲ ಮುಖ ನೋಡ್ರಿ. ಚಲೋ ಇದ್ರ ಇದನ್ನ ಒತ್ರಿ, ಸುಮ್ಮನಾಗ್ತೈತಿ. ಇಲ್ಲಂದ್ರ ಲಗೂನ ನನ್ನ ಕರೀರಿ."

ಮೊದಲ ದಿನ ಕೂಗಿದಾಗಲೆಲ್ಲ ಮುಖ ನೋಡಿದೆ. ಎಷ್ಟು ಸಲ ಅಂತ ನೋಡುವುದು? ಅಮ್ಮಿ ಕೈ ಮಿಸುಕಿದರೂ ಕೂಗುತ್ತಿತ್ತು, ಕೆಮ್ಮಿದರೂ ಕೂಗುತ್ತಿತ್ತು. ತಲೆ ಚಿಟ್ಟು ಹಿಡಿಸಿತ್ತು. ಮರುದಿನ ಮಧ್ಯಾಹ್ನ ನಾನು ಅಮ್ಮಿಗೆ ಬೆನ್ನು ಮಾಡಿ ಪಕ್ಕದ ಮಂಚದ ಅಜ್ಜಿಯ ಜೊತೆ ಹರಟುತ್ತಿದ್ದೆ. ಕುಪ್ಪೇಲೂರಿನ ಅಜ್ಜಿ, ಕಾಲು ಮುರಿದ ಗಂಡನ ಕೈ ಹಿಡಿದು ಕೂತಿದ್ದಳು. ತಪ್ಪಿಹೋದ ಬಿರಿಯಾನಿಯ ಸಂಕಟ ತೋಡಿಕೊಳ್ಳುತ್ತಿದ್ದೆ ನಾನು. ಡಬ್ಬಿ ಕೂಗಿತು. ತಿರುಗದೆಯೇ ಕೈ ಹಿಂದೆ ಚಾಚಿ ಗುಂಡಿ ಒತ್ತಿದೆ. ಮತ್ತೆ ಕೂಗಿತು, ಮತ್ತೆ ಒತ್ತಿದೆ. ಮೂರನೆಯ ಸಲ ಒತ್ತುವಾಗ "ಈ ಹಾಳಾದ ಮೆಹಂದಿ" ಎಂದು ಗೊಣಗಿದ್ದೂ ನೆನಪಿದೆ.

ಅಜ್ಜಿ ನನ್ನ ಮಾತು ಕೇಳುತ್ತಿರಲಿಲ್ಲ, ನನ್ನ ಹೆಗಲಾಚೆ ನೋಡುತ್ತಿದ್ದಳು. "ಯವ್ವಾ, ನಿಮ್ಮವ್ವನ ಮಾರಿ ನೋಡು. ಉಸರು ಎಳ್ಯಾಕ ತ್ರಾಸ ಆಗಾಕತ್ತೇತಿ."

ತಿರುಗಿದೆ. ಅಮ್ಮಿಯ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣ್ಣು ನನ್ನನ್ನೇ ನೋಡುತ್ತಿದ್ದವು, ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನಾನು ಎದ್ದು ನಿಲ್ಲುವಷ್ಟರಲ್ಲಿ ಅಜ್ಜಿಯೇ ನರ್ಸನ್ನು ಕೂಗಿದಳು. ಅಮ್ಮಿಯ ಗಂಟಲಲ್ಲಿ ಕಫ ಕಟ್ಟಿಕೊಂಡಿತ್ತು. ನನ್ನನ್ನು ಹೊರಗೆ ನೂಕಿ ಬಾಗಿಲು ಹಾಕಿದರು.

ವರಾಂಡದ ಗೋಡೆಗೆ ಆತು ನಿಂತೆ. ಯಾ ಅಲ್ಲಾ ಎಂದೆ. ಖರೇ ಹೇಳುತ್ತೇನೆ, ಅಮ್ಮಿಯನ್ನು ಉಳಿಸು ಎಂದು ಬೇಡುವುದಕ್ಕೂ ಮೊದಲು, ಆ ಅಜ್ಜಿ ಗುಂಡಿಯ ಸುದ್ದಿ ಯಾರ ಮುಂದೂ ಹೇಳದಿರಲಿ ಎಂದು ಬೇಡಿಕೊಂಡೆ. ಎಂಥ ಮಗಳು ನಾನು ಎಂದು ಆಗಲೇ ನನಗೆ ಹೇಸಿಕೆಯಾಯಿತು. ಆದರೂ ಇನ್ನೊಂದು ಸಲ ಅದನ್ನೇ ಬೇಡಿದೆ.

ಎರಡೂ ಬೇಡಿಕೆ ಈಡೇರಿದವು. ಅಮ್ಮಿ ಉಳಿದಳು. ಅಜ್ಜಿ ಏನೂ ಹೇಳಲಿಲ್ಲ. ಡಿಸ್ಚಾರ್ಜಿನ ದಿನ ನನ್ನ ತಲೆ ಸವರಿ "ಹುಷಾರಿರವಾ" ಎಂದಳು, ಅಷ್ಟೇ.

ಬ್ಯಾಡಗಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅಮ್ಮಿ ಒಂದೇ ಕಥೆ ಹೇಳುತ್ತಿದ್ದಳು. "ಆ ಡಬ್ಬಿ ಬರೇ ಸುಳ್ಳರಿ. ಸುಮ್ಮ ಸುಮ್ಮನ ಒದರತಿತ್ತು. ನನ್ನ ಮಗಳು ಬಾಜೂಕ ಇದ್ಳು ಅಂತ ಉಳದೇನಿ." ಹಾಗೆಂದು ನನ್ನ ಬಲಗೈ ಎಳೆದುಕೊಂಡು ಬೆರಳುಗಳಿಗೆ ಮುತ್ತು ಕೊಡುತ್ತಿದ್ದಳು. ಸಾಯುವವರೆಗೂ ಹೇಳಿದಳು. ಡಬ್ಬಿ ಆ ಮಧ್ಯಾಹ್ನ ಮೂರು ಸಲ ಖರೇ ಹೇಳಿತ್ತು, ಮೂರು ಸಲವೂ ಅದರ ಬಾಯಿ ಮುಚ್ಚಿಸಿದ್ದು ಅವಳು ಮುತ್ತಿಟ್ಟ ಬೆರಳು ಎಂದು ನಾನು ಒಂದು ಸಲವೂ ಹೇಳಲಿಲ್ಲ.