ಬಾವಲಿ ಬಾವಲಿ, ಎಲ್ಲಿಂದ ಬಂದೆ

ಹೋದ ವಾರ ದೇವರ ಮನೆಯ ಬೆಳ್ಳಿ ದೀಪಗಳನ್ನು ತೊಳೆಯಲೆಂದು ಅಂಟುವಾಳಕಾಯಿ ನೆನೆಹಾಕಿದ್ದೆ. ಬೆಳಿಗ್ಗೆ ಕಿವುಚಿದಾಗ ನೊರೆಯ ಜೊತೆಗೆ ಆ ಒಗರು ವಾಸನೆ ಎದ್ದಿತು... ಒದ್ದೆ ತೊಗಟೆಯಂಥ ವಾಸನೆ. ಕೈ ಅಲ್ಲೇ ನಿಂತಿತು. ಕೃಷ್ಣರಾಜಪೇಟೆಯ ನಮ್ಮ ತವರುಮನೆಯ ಪಕ್ಕದ ಜಗುಲಿಯಲ್ಲಿ ದಿನವೂ ಇದ್ದ ವಾಸನೆ ಅದು. ಅದರ ಜೊತೆಗೆ ಅಗ್ಗಿಷ್ಟಿಕೆಯ ಇದ್ದಿಲಿನ ಕಾವು, ಊದುಗೊಳವೆಯ ಸಣ್ಣ ಶಿಳ್ಳೆ, ಮತ್ತೆ ಆಚಾರ್ರ ದನಿ.

ಅವರು ಅಕ್ಕಸಾಲಿಗಳು, ಒಡವೆ ತೊಳೆಯುತ್ತಿದ್ದದ್ದು ಅಂಟುವಾಳದ ನೀರಲ್ಲಿ. ಬೀದಿಗೆಲ್ಲ ಅವರು ಬರೀ ಆಚಾರ್ರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಶಾಲೆಯ ಮೇಷ್ಟ್ರು. ಸಂಜೆ ಪಾಠ ಓದಲು ಕೂರಿಸಿದರೆ ನಾನು ಪುಸ್ತಕ ಹಿಡಿದುಕೊಂಡು ಆಚಾರ್ರ ಜಗುಲಿಗೆ ಹೋಗಿ ಕೂರುತ್ತಿದ್ದೆ. ಅವರು ಒಮ್ಮೆಯೂ ಹೋಗು ಎಂದವರಲ್ಲ. ಬೆಂಕಿಯ ಹತ್ತಿರ ಮಾತ್ರ ಬರಗೊಡುತ್ತಿರಲಿಲ್ಲ.

ಒಡವೆ ಮಾಡುವುದರಲ್ಲಿ ಅವರಿಗಿಂತ ಗಟ್ಟಿಗರು ಪೇಟೆಯಲ್ಲಿ ಇದ್ದರೇನೋ. ಆದರೆ ಮಕ್ಕಳ ಕಿವಿ ಚುಚ್ಚಲು ಮಾತ್ರ ಸುತ್ತಲ ನಾಲ್ಕು ತಾಲ್ಲೂಕಿನವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕೂಸನ್ನು ಸೊಂಟಕ್ಕೇರಿಸಿಕೊಂಡು, ಒಂದು ಚೀಲದಲ್ಲಿ ಬೆಲ್ಲ, ಕೊಬ್ಬರಿ, ಹೊಸ ಬಟ್ಟೆ ಹಿಡಿದು ಬರುವ ಹೆಂಗಸರ ಗುಂಪು ಕಂಡರೆ ನಮಗೆ ತಿಳಿದುಬಿಡುತ್ತಿತ್ತು. ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಆಚಾರ್ರು ಕಿವಿಯ ಹಾಲೆಗೆ ಕುಂಕುಮದ ಚುಕ್ಕೆ ಇಟ್ಟು, ತುದಿ ಚೂಪು ಮಾಡಿದ ಚಿನ್ನದ ತಂತಿಯನ್ನು ಬೆರಳ ಸಂದಿಯಲ್ಲಿ ಮರೆಮಾಡಿಕೊಂಡು, ಕೂಸಿನ ಕಣ್ಣನ್ನೇ ನೋಡುತ್ತ ಒಂದು ಪದ ಹೇಳುತ್ತಿದ್ದರು.

ಬಾವಲಿ ಬಾವಲಿ, ಎಲ್ಲಿಂದ ಬಂದೆ?
ಹೊಳೆಯಾಚೆ ಮಾವನ ಮನೆಯಿಂದ ಬಂದೆ.
ಏನುಂಡು ಬಂದೆ? ಬೆಣ್ಣೆಯ ಅನ್ನ.
ಏನು ತಂದೆ ನಂಗೆ? ಕಡ್ಲೆಕಾಳಷ್ಟು ಚಿನ್ನ.
ಎಲ್ಲಿ ಕೂತ್ಕತೀಯೆ? ಕಂದನ ಕಿವೀಲಿ.
ಅತ್ರೆ ಹಾರೋಯ್ತೀನಿ, ನಕ್ರೆ ಇಲ್ಲೇ ಇರ್ತೀನಿ.

‘ಕಿವೀಲಿ’ ಎನ್ನುವಷ್ಟರಲ್ಲಿ ತಂತಿ ಆಚೆ ಬಂದಿರುತ್ತಿತ್ತು. ಕೂಸು ಅಳಲು ಬಾಯಿ ತೆರೆಯುವ ಹೊತ್ತಿಗೆ ಪದ ಮುಗಿದು ಬಾಯಿಗೆ ಬೆಲ್ಲ ಬಿದ್ದಿರುತ್ತಿತ್ತು.

ಆ ಪದ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತಿದ್ದದ್ದೇ. ಕಾಲ ಮೇಲೆ ಕೂರಿಸಿ ತೂಗುವಾಗ, ಅನ್ನ ತಿನ್ನಿಸುವಾಗ ಹೇಳುವುದು. ಆದರೆ ಆಚಾರ್ರು ಎಲ್ಲರಿಗೂ ಒಂದೇ ರೀತಿ ಹೇಳುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದು ಹತ್ತು ವರ್ಷದವಳಾಗಿದ್ದಾಗ. ಅಂದು ಒಬ್ಬ ಅಜ್ಜಿ ಮೊಮ್ಮಗುವನ್ನು ತಟ್ಟುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಆಚಾರ್ರು ತಂತಿ ಉಜ್ಜುವುದನ್ನು ನಿಲ್ಲಿಸಿ ಕೇಳಿದರು. “ಬೆಳಗೊಳದ ಕಡೆಯವ್ರಾ ಅವ್ವ?”

“ಊ ಕಣಪ್ಪ. ಎಂಗ್ ಗೊತ್ತಾಯ್ತು?”

“ನಿನ್ ಪದದಲ್ಲಿ ಕಟ್ಟೆ ಅದೆಯಲ್ಲ.”

ಅಜ್ಜಿ ‘ಹೊಳೆಯಾಚೆ’ ಎನ್ನುವ ಬದಲು ‘ಕಟ್ಟೆಯಾಚೆ’ ಎಂದಿದ್ದಳು. ಕನ್ನಂಬಾಡಿ ಕಟ್ಟೆ ಕಟ್ಟಿದ ಮೇಲೆ ಅಲ್ಲಿಯ ತಾಯಂದಿರ ಬಾಯಲ್ಲಿ ಹೊಳೆ ಹೋಗಿ ಕಟ್ಟೆ ಬಂದಿತ್ತು. ಆಚಾರ್ರು ಆ ಕೂಸಿಗೆ ಕಟ್ಟೆಯ ಪದವನ್ನೇ ಹೇಳಿ ಕಿವಿ ಚುಚ್ಚಿದರು. ಅವರೆಲ್ಲ ಹೋದ ಮೇಲೆ ನಾನು ಕೇಳಿದೆ, ಎಲ್ಲರಿಗೂ ನಮ್ಮದನ್ನೇ ಹೇಳಿದರೆ ಏನಾಗುತ್ತೆ ಅಂತ. “ಕೂಸು ಮನೇಲಿ ಯಾವ್ದು ಕೇಳಿರ್ತದೋ ಅದ್ನೇ ಯೋಳ್ಬೇಕು ಮಗ. ಒಂದ್ ಮಾತು ಬ್ಯಾರೆ ಆದ್ರೂ ಇವ ನಮ್ಮೋನಲ್ಲ ಅಂತ ಕತ್ತು ತಿರುಗಿಸ್ಬುಡ್ತದೆ,” ಎಂದರು.

ಆಮೇಲೆ ನಾನು ಕಿವಿಗೊಟ್ಟು ಕೇಳತೊಡಗಿದೆ. ನಾಗಮಂಗಲದ ಕಡೆಯವರಿಗೆ ಹೊಳೆ ದೂರ. ಅವರ ಬಾವಲಿ ಕೆರೆಯಾಚೆಯಿಂದ ಬರುತ್ತಿತ್ತು. ಪಾಂಡವಪುರದವರದು ನಾಲೆಯಾಚೆಯಿಂದ. ಅದು ಬೆಣ್ಣೆಯ ಅನ್ನ ಉಣ್ಣದೆ ಬೆಲ್ಲದ ಅನ್ನ ಉಂಡು ಬರುತ್ತಿತ್ತು. ಅದೂ ಅಲ್ಲದೆ ಅವರು ಬಾವಲಿ ಎನ್ನದೆ ‘ಬಾವಣ್ಣ’ ಎನ್ನುತ್ತಿದ್ದರು, ಯಾರೋ ಅಕ್ಕನ ಗಂಡ ಬಂದ ಹಾಗೆ. ಊರಿನ ಎರಡೂ ಪಕ್ಕ ಹೊಳೆ ಇರುವ ಶ್ರೀರಂಗಪಟ್ಟಣದವರು ಎಲ್ಲಿಗೆ ಹೋಗಬೇಕಾದರೂ ಹೊಳೆ ದಾಟಲೇಬೇಕಲ್ಲ, ಅವರ ಪದದಲ್ಲಿ ಒಂದು ಪ್ರಶ್ನೆ ಹೆಚ್ಚು. “ಯಾವ ಹೊಳೆಯಾಚೆ?” ಎಂದು ಕೇಳಿ, “ಎಡದ ಹೊಳೆಯಾಚೆ” ಎಂದು ಉತ್ತರ ಕೊಟ್ಟೇ ಮುಂದಕ್ಕೆ ಹೋಗಬೇಕು. ಇವೆಲ್ಲ ಆ ಒಬ್ಬ ಮನುಷ್ಯನ ತಲೆಯಲ್ಲಿ ಬೇರೆಬೇರೆಯಾಗಿ, ಒಂದರೊಳಗೊಂದು ಕಲೆಯದೆ ಇದ್ದವು. ಅವರು ಶಾಲೆಗೆ ಹೋದದ್ದು ಎರಡನೆಯ ತರಗತಿಯವರೆಗೆ.

ನನಗೆ ಚಿಕ್ಕಂದಿನಲ್ಲಿ ಬಾವಲಿ ಎಂದರೆ ಭಯ. ಹುಣಸೆಮರದಲ್ಲಿ ತಲೆಕೆಳಗಾಗಿ ನೇತಾಡುವ ಆ ಪ್ರಾಣಿ ಬಂದು ಕೂಸಿನ ಕಿವಿಯಲ್ಲಿ ಕೂತರೆ ಯಾವ ಕೂಸು ನಕ್ಕೀತು? ಒಂದು ದಿನ ಆಚಾರ್ರನ್ನು ಕೇಳಿಯೇಬಿಟ್ಟೆ. ಅವರು ಮೊದಲು ನಕ್ಕರು. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಮರದ ಡಬ್ಬಿ ತಂದು, ಹತ್ತಿಯ ನಡುವಿನಿಂದ ಒಂದು ಪುಟ್ಟ ಚಿನ್ನದ ಒಡವೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಮಧ್ಯದಲ್ಲಿ ಕೆಂಪು ಕಲ್ಲು, ಕೆಳಗೆ ಅಕ್ಕಿಕಾಳಿನಂಥ ಮೂರು ಮುತ್ತು.

“ಇದು ಬಾವಲಿ. ಕಿವಿ ಮ್ಯಾಗಡೆ ಇಕ್ಕೋದು. ನಮ್ಮಪ್ಪ ಮಾಡಿದ್ದು. ಈಗ ಯಾರೂ ಇಕ್ಕಲ್ಲ, ಅದ್ಕೇ ಯೆಸ್ರು ಮರ್ತೋಗ್ಯದೆ.”

ಅಂಗೈಯಲ್ಲಿ ಆ ಒಡವೆ ಹಿಡಿದು ನಿಂತಿದ್ದಂತೆ ಪದದ ಒಂದೊಂದೇ ಸಾಲು ತಾನಾಗಿ ಬಿಚ್ಚಿಕೊಂಡಿತು. ಹೊಳೆಯಾಚೆಯ ಮಾವ ಎಂದರೆ ತಾಯಿಯ ತವರಿನ ಸೋದರಮಾವ. ಕಡ್ಲೆಕಾಳಷ್ಟು ಚಿನ್ನ ಅವನು ಕೊಡುವ ಉಡುಗೊರೆ. ಕಂದನ ಕಿವಿಯಲ್ಲಿ ಕೂರುವುದು ಆ ಪ್ರಾಣಿಯಲ್ಲ, ಒಡವೆ. ನಾವೆಲ್ಲ ಅನ್ನ ತಿನ್ನಿಸಲು ಹೇಳುತ್ತಿದ್ದ ಪದ ಮೊದಲಿಗೆ ಹುಟ್ಟಿದ್ದೇ ಕಿವಿ ಚುಚ್ಚುವ ಜಗುಲಿಯಲ್ಲಿ. ಎಷ್ಟು ತಲೆಮಾರಿನ ತಾಯಂದಿರು ಅರ್ಥ ಮರೆತೂ ಮಾತು ಮರೆಯದೆ ಅದನ್ನು ಸಾಗಿಸಿಕೊಂಡು ಬಂದಿದ್ದರೋ.

ನನ್ನನ್ನು ಪಾಂಡವಪುರಕ್ಕೆ ಕೊಟ್ಟರು. ಅಲ್ಲೇ ಪ್ರೈಮರಿ ಶಾಲೆಯಲ್ಲಿ ಟೀಚರಾದೆ. ಮಗಳು ಹುಟ್ಟಿದ ವರ್ಷವೇ ಆಚಾರ್ರಿಗೆ ಲಕ್ವ ಹೊಡೆಯಿತು ಎಂದು ಅಮ್ಮ ಕಾಗದ ಬರೆದಳು. ಬಲಗೈ ಬಿದ್ದುಹೋಗಿತ್ತು. ಮಾತು ಪೂರ್ತಿ ನಿಂತಿತ್ತು. ‘ಅದು’ ಎಂಬ ಒಂದು ಮಾತು ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲವಂತೆ. ನೀರು ಬೇಕಾದರೂ ಅದು, ಹೆಂಡತಿಯನ್ನು ಕರೆಯಬೇಕಾದರೂ ಅದು.

ಮಗಳಿಗೆ ಹನ್ನೊಂದು ತಿಂಗಳಾದಾಗ ಕಿವಿ ಚುಚ್ಚಿಸಲು ತವರಿಗೆ ಬಂದೆವು. ಜೊತೆಗೆ ನನ್ನ ಅತ್ತೆಯೂ ಬಂದಿದ್ದರು. ಜಗುಲಿಯಲ್ಲಿ ಈಗ ಆಚಾರ್ರ ಮಗ ಕೂತಿದ್ದ. ಆಚಾರ್ರು ಗೋಡೆಯ ಪಕ್ಕ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಟವೆಲು ಹಾಸಿಕೊಂಡು ಕೂತಿದ್ದರು. ನನ್ನನ್ನು ಕಂಡು ಕಣ್ಣು ಅರಳಿತು. “ಅದು... ಅದು...” ಎಂದರು. ಅವರ ಎಡಗೈ ಹಿಡಿದುಕೊಂಡೆ.

ನನ್ನ ತಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಒಂದು ಕಿವಿ ಆಯಿತು. ಅವಳು ಕಿರುಚಿದ ಕಿರುಚಿಗೆ ಬೀದಿಯವರು ತಿರುಗಿ ನೋಡಿದರು. ಇನ್ನೊಂದು ಕಿವಿಗೆ ಕೈ ಹಾಕಗೊಡಲಿಲ್ಲ. ತಲೆಯನ್ನು ಆಚೀಚೆ ಒದರುತ್ತಿದ್ದಳು, ಮುಖ ಕಪ್ಪಿಟ್ಟಿತು, ಉಸಿರು ಕಟ್ಟಿದಂತೆ ಬಿಕ್ಕಿದಳು. ಆಚಾರ್ರ ಮಗ ತಂತಿಯನ್ನು ಹಿಂದಕ್ಕೆ ತೆಗೆದುಕೊಂಡ. “ಇವತ್ತು ಬ್ಯಾಡ ಬುಡಿ ಅಕ್ಕ. ಇಂಗೆ ಒದ್ದಾಡಿದ್ರೆ ಕಣ್ಗೇ ಚುಚ್ಚೋಯ್ತದೆ,” ಎಂದ. ಅತ್ತೆ ಒಂದೇ ಕಿವಿ ಚುಚ್ಚಿಸಿಕೊಂಡು ಮನೆಗೆ ಹೋಗಬಾರದು ಎಂದು ಕಣ್ಣೀರು ಹಾಕಿದರು. ನಾನು ಮಗಳನ್ನು ಕಿತ್ತುಕೊಳ್ಳಲು ಕೈ ಚಾಚಿದ್ದೆ.

ಆಗ ಗೋಡೆಯ ಕಡೆಯಿಂದ ದನಿ ಬಂತು.

“ಬಾವಣ್ಣ ಬಾವಣ್ಣ... ಎಲ್ಲಿಂದ ಬಂದೆ...”

ಮೊದಲು ಯಾರೂ ನಂಬಲಿಲ್ಲ. ದನಿ ಒಡೆದಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಒಂದು ಅಕ್ಷರವೂ ತೊದಲಲಿಲ್ಲ. “ನಾಲೆಯಾಚೆ ಮಾವನ ಮನೆಯಿಂದ ಬಂದೆ. ಏನುಂಡು ಬಂದೆ? ಬೆಲ್ಲದ ಅನ್ನ...” ನನ್ನ ಮಗಳು ಬಿಕ್ಕುವುದನ್ನು ನಿಲ್ಲಿಸಿ ಅವರ ಕಡೆ ತಿರುಗಿದಳು. ಅವಳು ದಿನವೂ ಅತ್ತೆಯ ಬಾಯಲ್ಲಿ ಕೇಳುತ್ತಿದ್ದ ಪದ ಅದೇ. ಆಚಾರ್ರು ಅವಳ ಕಣ್ಣನ್ನೇ ನೋಡುತ್ತ ಸಾಲಿನಿಂದ ಸಾಲಿಗೆ ನಡೆದರು, ಅವಸರವಿಲ್ಲದೆ. ಮಗನಿಗೆ ಎಡಗೈಯ ಬೆರಳು ಎತ್ತಿ ತೋರಿಸಿದರು. ‘ಕಿವೀಲಿ’ ಎನ್ನುವಷ್ಟರಲ್ಲಿ ತಂತಿ ಆಚೆ ಬಂದಿತ್ತು.

ಆಚಾರ್ರ ಹೆಂಡತಿ ಒಳಗಿನಿಂದ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತಿದ್ದರು. “ಇನ್ನೊಂದ್ ಸಲ ಅನ್ನಿ,” ಎಂದರು ಮೆಲ್ಲಗೆ. ಆಚಾರ್ರು ಬಾಯಿ ತೆರೆದರು. ‘ಅದು’ ಎಂದರು. ಮತ್ತೆ ಅದು ಮಾತ್ರ.

ಪದ, ಹಾಡುಗಳು ತಲೆಯಲ್ಲಿ ಮಾತಿಗಿಂತ ಬೇರೆ ಜಾಗದಲ್ಲಿ ಇರುತ್ತವೆ, ಮಾತು ಹೋದವರಿಗೂ ಅವು ಉಳಿಯುವುದುಂಟು ಎಂದು ಡಾಕ್ಟರೊಬ್ಬರು ಆಮೇಲೆ ನನಗೆ ಹೇಳಿದರು. ಇರಬಹುದು. ಆದರೆ ಹೆಂಡತಿಯ ಹೆಸರು ಹೇಳಲಾಗದ ಮನುಷ್ಯನಿಗೆ ನಾನು ಸೇರಿದ್ದು ಪಾಂಡವಪುರ ಎಂಬುದು ಹೇಗೆ ನೆನಪಾಯಿತು, ಅಷ್ಟೂ ಪದಗಳಲ್ಲಿ ನನ್ನ ಮಗಳದನ್ನೇ ಹೇಗೆ ಆರಿಸಿ ತೆಗೆದರು?

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ಹೊಸ ಮಾತುಕತೆ ಶುರುವಾಯಿತು. ಹೆಂಡತಿ ಮೊದಲ ಸಾಲು ಎತ್ತಿಕೊಟ್ಟರೆ ಆಚಾರ್ರು ಮುಂದಿನದನ್ನು ಹಿಡಿಯುತ್ತಿದ್ದರು. ಹಸಿವಾದರೆ ‘ಏನುಂಡು ಬಂದೆ’ ಎಂಬಲ್ಲಿ ನಿಂತುಬಿಡುತ್ತಿದ್ದರು. ಮಗ ಹೊರಗಿನಿಂದ ಬಂದರೆ ‘ಎಲ್ಲಿಂದ ಬಂದೆ’. ಯಾರಾದರೂ ಹೊರಡಲು ಎದ್ದರೆ ‘ಇಲ್ಲೇ ಇರ್ತೀನಿ’ ಎನ್ನುತ್ತಿದ್ದರು, ಇರು ಎಂದು ಹೇಳಲು. ಕೂಸುಗಳಿಗಾಗಿ ಯಾರೋ ಕಟ್ಟಿದ ಆರು ಸಾಲಿನಲ್ಲಿ ಒಬ್ಬ ಮುದುಕ ಎರಡು ವರ್ಷ ಸಂಸಾರ ಮಾಡಿದ. ಕಿವಿ ಚುಚ್ಚಿಸಲು ಬಂದವರು ಮತ್ತೆ ಅವರ ಕುರ್ಚಿಯ ಹತ್ತಿರವೇ ಕೂರತೊಡಗಿದರು. ಮಗ ಚುಚ್ಚುತ್ತಿದ್ದ, ಅಪ್ಪ ಹೇಳುತ್ತಿದ್ದರು.

ಕೊನೆಯ ಸಲ ಅವರನ್ನು ಕಂಡದ್ದು ಒಂದು ಬೇಸಿಗೆ ರಜೆಯಲ್ಲಿ. ಹಾಸಿಗೆ ಹಿಡಿದಿದ್ದರು. ನಾನು ಪಕ್ಕದಲ್ಲಿ ಕೂತಾಗ ಯಾರೂ ಎತ್ತಿಕೊಡದೆಯೇ ಪದ ಶುರುಮಾಡಿದರು. ನಾನು ಎಂದೂ ಕೇಳಿರದ ಪದ. ಮಾವನ ಮನೆ ಇರಲಿಲ್ಲ, ಅವ್ವನ ಮನೆ ಇತ್ತು. ಕೊನೆಯ ಸಾಲಂತೂ ಬೇರೆಯೇ. “ಅತ್ರೂ ಇರ್ತೀನಿ, ನಕ್ರೂ ಇರ್ತೀನಿ.” ಅವರ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅದು ಅವ್ರ ಅವ್ವಂದು. ಗೋವಿಂದನಹಳ್ಳಿ ಕಡೆಯೋರು. ಇವ್ರಿಗೆ ಕಿವಿ ಚುಚ್ಚಿದಾಗ ಯೋಳಿದ್ದಂತೆ,” ಎಂದರು. ಬರೆದುಕೊಳ್ಳಬೇಕು ಎನಿಸಿತು. ಮುಂದಿನ ಸಲ ಬಂದಾಗ ಎಂದುಕೊಂಡು ಎದ್ದೆ... ಮುಂದಿನ ಸಲ ಆ ಹಾಸಿಗೆ ಖಾಲಿಯಾಗಿತ್ತು.

ಈಗ ನಾನು ನಿವೃತ್ತಳು. ನೆನಪಿರುವ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹೋದ ತಿಂಗಳು ಗೋವಿಂದನಹಳ್ಳಿಗೂ ಹೋಗಿದ್ದೆ. ದೇವಸ್ಥಾನದ ಎದುರಿನ ನೆರಳಲ್ಲಿ ನಾಲ್ಕು ಜನ ಅಜ್ಜಿಯರು ಸಿಕ್ಕಿದರು. ಪ್ರೀತಿಯಿಂದ ಕೂರಿಸಿಕೊಂಡು ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಆಚಾರ್ರ ಅವ್ವನ ಪದ ಮಾತ್ರ ಯಾರಿಗೂ ಗೊತ್ತಿರಲಿಲ್ಲ. “ನಮ್ಮತ್ತೆ ಇದ್ದಿದ್ರೆ ಯೋಳೋಳೇನೋ,” ಎಂದಳು ಒಬ್ಬಳು.

ನೋಟ್‌ಬುಕ್ಕಿನಲ್ಲಿ ಆ ಪದದ ಮೊದಲ ಎರಡು ಸಾಲು ಮತ್ತು ಕೊನೆಯ ಸಾಲು ಇವೆ. ನಡುವೆ ಮೂರು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ.