ಟಿಚ್ ಬಟನ್ನಿನ ಉಪಕಾರ

ಸೇಮಿಗೆ ಒತ್ತುವಾಗ ಫೋನು ಬರಬಾರದು. ಬೇಯಿಸಿದ ಅಕ್ಕಿ ಉಂಡೆಯ ಬಿಸಿ ಆರಿತೋ, ಶಾವಿಗೆ ಒತ್ತುವ ಮಣೆಯ ಹಿಡಿ ತಿರುಗುವುದೇ ಇಲ್ಲ. ಆದರೆ ಕಾಣಿಯೂರಿನಲ್ಲಿರುವ ನನ್ನ ಓರಗಿತ್ತಿ ಅಕ್ಕನಿಗೆ ಅದೇ ಹೊತ್ತು ಬೇಕು.

“ನಮ್ಮ ಚಿನ್ನು ಇವತ್ತು ಯೂನಿಫಾರ್ಮಿನ ಬಟನ್ನು ಪೂರಾ ಅವಳೇ ಹಾಕಿದಳು ಮಾರಾಯ್ತಿ! ಐದಕ್ಕೆ ಐದು!”

“ಒಳ್ಳೇದಾಯ್ತಕ್ಕ” ಎಂದೆ. ಅದು ಬಾಯಿ ಹೇಳಿದ್ದು. ಹೊಟ್ಟೆಯ ಮಾತು ಬೇರೆಯೇ ಇತ್ತು. (ಆ ಅಂಗಿಯ ತೂತೇ ದೊಡ್ಡದಿರಬಹುದು ಎಂದು ಸಮಾಧಾನ ಮಾಡಿಕೊಂಡೆ.)

ಚಿನ್ನುವಿಗೂ ನನ್ನ ಮಗಳು ಧನ್ಯಳಿಗೂ ಏಳು ವರ್ಷ. ಇಬ್ಬರಿಗೂ ಬೆರಳಿನ ಹಿಡಿತ ಕಡಿಮೆ. ಇಬ್ಬರನ್ನೂ ಪುತ್ತೂರಿನಲ್ಲಿ ಒಂದೇ ದಿನ ಆಕ್ಯುಪೇಷನಲ್ ಥೆರಪಿಗೆ ಸೇರಿಸಿದ್ದು. ಹೆಸರು ದೊಡ್ಡದು. ಕೆಲಸ ಇಷ್ಟೇ: ಚಮಚ ಹಿಡಿಯುದು, ಬಟನ್ನು ಹಾಕುದು, ಚಪ್ಪಲಿಯ ಪಟ್ಟಿ ಬಿಗಿಯುದು. ಮಕ್ಕಳು ತಮ್ಮ ಕೆಲಸ ತಾವೇ ಮಾಡುವ ಹಾಗೆ ಆಟದಲ್ಲೇ ಕಲಿಸುತ್ತಾರೆ. ಒಂದೇ ಟೀಚರ್, ಒಂದೇ ಹೋಮ್‌ವರ್ಕ್. ಸುಳ್ಯದಿಂದ ಬಸ್ಸಲ್ಲಿ ಹೋಗುವ ನಾನು ಒಂದು ವಾರವೂ ತಪ್ಪಿಸಿದವಳಲ್ಲ. ಮೇಲಿಂದ ಗಣಪತಿಗೆ ಅಪ್ಪದ ಸೇವೆಯ ಹರಕೆ ಬೇರೆ. ಹಾಗಾದರೆ ದೇವರಿಗೆ ಕಾಣಿಯೂರು ಮಾತ್ರ ಹತ್ತಿರವಾ?

“ನೀವೆಂತ ಹರಕೆ ಹೇಳಿದ್ರಿ ಅಕ್ಕಾ?” ಕೇಳಿಯೇ ಬಿಟ್ಟೆ.

“ಹರಕೆಯಾ? ನನ್ನ ಎರಡೂ ಕೈಗೆ ಸೆರಗು ಸುತ್ತಿ ಕೂತದ್ದೇ ಹರಕೆ! ಇಲ್ಲದಿದ್ರೆ ಅವು ಸುಮ್ಮನಿರುದಿಲ್ಲ, ಅವಳ ಬಟನ್ನಿಗೇ ಹೋಗ್ತವೆ. ದಿನಾ ಅರ್ಧ ಗಂಟೆ. ಎರಡು ಸಲ ಸ್ಕೂಲ್ ವ್ಯಾನು ತಪ್ಪಿತು, ನಿನ್ನ ಭಾವನ ಬೈಗುಳವೂ ಸಿಕ್ಕಿತು. ನಿನ್ನವಳು ಎಷ್ಟು ಬಟನ್ನಿನವರೆಗೆ ಬಂದಳು?”

“ಉಂಡೆ ಆರ್ತದೆ ಅಕ್ಕ” ಎಂದು ಫೋನಿಟ್ಟೆ.

ಏನು ಹೇಳಲಿ? ಬೆಳಿಗ್ಗೆ ದೇವರಿಗೆ ದೀಪ ಇಡುವ ಅವಸರ. ಅದಕ್ಕೇ ಧನ್ಯಳ ಯೂನಿಫಾರ್ಮಿನ ಬಟನ್ನು ಕಿತ್ತು ಟಿಚ್ ಬಟನ್ನು ಹೊಲಿದವಳು ನಾನೇ. ಚಟ್ ಚಟ್ ಎಂದು ಒತ್ತಿದರೆ ಮುಗಿಯಿತು. ಒತ್ತುವುದೂ ನಾನೇ! ಥೆರಪಿಯ ದಿನ ಮಾತ್ರ ಟೀಚರಿಗೆ ಗೊತ್ತಾಗದ ಹಾಗೆ ಬಟನ್ನೇ ಇಲ್ಲದ ಫ್ರಾಕು. “ಅಮ್ಮ, ನಾನು ಹಾಕ್ತೇನೆ” ಎಂದು ಅವಳು ಎಷ್ಟು ಸಲ ಕೈ ತಂದಿಲ್ಲ? “ಲೇಟಾಗ್ತದೆ, ಬಿಡು” ಎಂದು ಆ ಕೈ ಸರಿಸಿದ್ದು ಯಾರು?

ಸದ್ಯ, ಕಿತ್ತದ್ದನ್ನು ಬಿಸಾಡಿರಲಿಲ್ಲ. ಉಪ್ಪಿನಕಾಯಿಯ ಹಳೇ ಬಾಟಲಿಯಲ್ಲಿ ಐದೂ ಇದ್ದವು. ಅಷ್ಟಾದರೂ ಬುದ್ಧಿ ಕೊಟ್ಟದ್ದು ದೇವರ ದಯೆ.

ಸೇಮಿಗೆಯ ಉಂಡೆ ಪೂರಾ ಆರಿತ್ತು. ಹೊಟ್ಟೆಕಿಚ್ಚು ಮಾತ್ರ ಇನ್ನೂ ಬಿಸಿಬಿಸಿ ಉಂಟು, ಸುಳ್ಳು ಯಾಕೆ ಹೇಳಲಿ? ಉಂಡೆಗಳನ್ನು ಪುನಃ ಬೇಯಲು ಇಟ್ಟು, ಯೂನಿಫಾರ್ಮು ತೊಡೆಯ ಮೇಲೆ ಹರವಿ ಸೂಜಿಗೆ ನೂಲು ಹಾಕಿದೆ. ಐದು ಬಟನ್ನು ಹೊಲಿಯುವುದು ದೊಡ್ಡದಲ್ಲ.

ಮನೆಯಲ್ಲಿ ದಿನವಿಡೀ ನೈಟಿ ಹಾಕುವ ನಾನು, ನಾಳೆ ಬೆಳಿಗ್ಗೆ ಈ ಕೈಗಳಿಗೆ ಸುತ್ತಲು ಸೆರಗು ಎಲ್ಲಿಂದ ತರಲಿ?